ಕೊನೆಯ ಐದು ನಿಮಿಷ

ಕುಂದಾಪುರದಿಂದ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋದರೆ ಬೈಂದೂರಿಗೆ ಸ್ವಲ್ಪ ಮೊದಲೇ ಸಿಗುವ ಊರು ಉಪ್ಪುಂದ. ಪಶ್ಚಿಮಕ್ಕೆ ತಿರುಗಿದರೆ ತೆಂಗು, ಮರಳು, ಮರಳ ಮೇಲೆ ಎಳೆದಿಟ್ಟ ನಾಡದೋಣಿಗಳು, ಅದರಾಚೆ ಕಡಲು. ಶನಿವಾರ ಬಂದ ಪ್ರವಾಸಿಗರು ಭಾನುವಾರ ಮಧ್ಯಾಹ್ನ ಹೊರಡುವ ತರಾತುರಿಯಲ್ಲಿರುತ್ತಾರೆ. ವ್ಯಾನಿನ ಚಾಲಕ ಹಾರ್ನ್ ಹಾಕುತ್ತಿರುತ್ತಾನೆ. ಮಕ್ಕಳ ವರಾತ ಆಗಲೇ ಶುರು: "ಅಪ್ಪಾ, ಐದೇ ನಿಮಿಷ. ನಿನ್ನೆ ಇಲ್ಲೇ ಆಡಿದ್ವಲ್ಲ!"

ಈ 'ನಿನ್ನೆ ಇಲ್ಲೇ' ಎಂಬ ಲೆಕ್ಕ ಕಡಲಿಗೆ ಅನ್ವಯಿಸದು. ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. ಶನಿವಾರ ಸಂಜೆ 6ಕ್ಕೆ ನೀರು ತುಂಬಿದ್ದರೆ ಭಾನುವಾರ ಬೆಳಿಗ್ಗೆ ಆರೂವರೆಗೆ ಮತ್ತೆ ತುಂಬಿ, ಮಧ್ಯಾಹ್ನ ಹನ್ನೆರಡೂವರೆಯ ಸುಮಾರಿಗೆ ಇಳಿದಿರುತ್ತದೆ. ದಡದಿಂದ ತುಸು ದೂರದಲ್ಲಿ ನೀರಿನಡಿ ಮರಳ ದಿಬ್ಬಗಳಿರುವುದುಂಟು. ನೀರು ಇಳಿದಾಗ ಅಲೆಗಳು ದಿಬ್ಬದ ಮೇಲೆ ಹೆಚ್ಚಾಗಿ ಒಡೆಯುತ್ತವೆ. ದಿಬ್ಬ ದಾಟಿ ಒಳಬಂದ ನೀರು ಹಿಂದಿರುಗಬೇಕಲ್ಲ, ಅದು ದಿಬ್ಬಗಳ ನಡುವಿನ ಸಂದು ಹುಡುಕಿ ರಭಸದಿಂದ ಹೊರಗೆ ಹರಿಯುತ್ತದೆ. ಇದೇ ಸೆಳವು. ದಿಬ್ಬಗಳೂ ಒಂದೇ ಕಡೆ ನಿಲ್ಲುವುದಿಲ್ಲ.

ಮೋಸವಿರುವುದು ನೋಟದಲ್ಲಿ. ಸಂದಿನಲ್ಲಿ ಆಳ ಹೆಚ್ಚು, ಹಾಗಾಗಿ ಅಲ್ಲಿ ಅಲೆ ಒಡೆಯುವುದು ಕಡಿಮೆ. ಎರಡೂ ಬದಿ ಬಿಳಿ ನೊರೆ, ನಡುವೆ ಶಾಂತವಾದ ಕಪ್ಪುಛಾಯೆಯ ನೀರು. "ಅಲ್ಲಿ ಅಲೆ ಇಲ್ಲ, ಅಲ್ಲಿ ಆಡಿ" ಎಂದು ಹಿರಿಯರು ಮಕ್ಕಳನ್ನು ಕಳಿಸುವುದು ಅಲ್ಲಿಗೇ!

ಸೆಳವಿನ ವೇಗ ಕೆಲವೊಮ್ಮೆ ಸೆಕೆಂಡಿಗೆ 2 ಮೀಟರ್ ಮೀರುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಚೀನಾದ ಪಾನ್ ಝಾನ್ಲೆ 100 ಮೀಟರನ್ನು 46.40 ಸೆಕೆಂಡಿನಲ್ಲಿ ಈಜಿ ವಿಶ್ವದಾಖಲೆ ಮಾಡಿದರು. ಭಾಗಿಸಿ ನೋಡಿದರೆ ಸೆಕೆಂಡಿಗೆ ಸುಮಾರು 2.16 ಮೀಟರ್. ಊರ ಕೆರೆಯಲ್ಲಿ ಈಜು ಕಲಿತ ಪಿಯುಸಿ ಹುಡುಗ ಇದಕ್ಕೆ ಎದುರಾಗಿ ಈಜುವುದೆಂದರೇನು?

ಭಟ್ಕಳದಾಚೆಯ ಮುರ್ಡೇಶ್ವರದಲ್ಲಿ 2024ರ ಡಿಸೆಂಬರ್ 10ರ ಸಂಜೆ, ಕಡಲಿಲ್ಲದ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಪ್ರವಾಸಕ್ಕೆ ಮುನ್ನ ಊಟ, ವಸತಿ, ಬಸ್ಸಿನ ಬಾಡಿಗೆಯ ಚರ್ಚೆ ನಡೆಯುವಷ್ಟು ನೀರಿನ ಚರ್ಚೆ ಎಷ್ಟು ಶಾಲೆಗಳಲ್ಲಿ ನಡೆಯುತ್ತದೆ?

ಸೆಳವು ಯಾರನ್ನೂ ತಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ ಅಷ್ಟೆ. ಅಲೆ ಒಡೆಯುವ ಸಾಲಿನಾಚೆ ಅದರ ಬಲ ಕುಂದುತ್ತದೆ. ಜೀವ ಹೋಗುವುದು ಹೆದರಿ, ದಡದತ್ತ ಎದುರು ಈಜಿ ಸೋತಾಗ. ಸಿಕ್ಕಿಕೊಂಡವರು ಅಂಗಾತ ತೇಲುತ್ತ ಕೈಯೆತ್ತಿ ಕೂಗಬೇಕು. ಈಜು ಬಲ್ಲವರು ದಡಕ್ಕೆ ಸಮಾನಾಂತರವಾಗಿ ಈಜಿ, ನೊರೆಯಿರುವ ಕಡೆ ಸೇರಿ, ಅಲ್ಲಿಂದ ದಡಕ್ಕೆ ತಿರುಗಬೇಕು. ದಡದಲ್ಲಿರುವವರು ಉಟ್ಟ ಬಟ್ಟೆಯಲ್ಲೇ ನೀರಿಗೆ ಹಾರಿದರೆ ಅಪಾಯ ಇಬ್ಬರಿಗಾಗುತ್ತದೆ. ಮುಚ್ಚಳ ಬಿಗಿದ ಖಾಲಿ ಕ್ಯಾನು, ಹಗ್ಗ, ತೇಲುವ ಏನಾದರೂ ಎಸೆಯುವುದು, 112ಕ್ಕೆ ಫೋನ್ ಮಾಡುವುದು, ದೋಣಿಯವರನ್ನು ಕೂಗುವುದು ಮೇಲು.

ಕೂಗುವುದಕ್ಕಿಂತ ಮೊದಲೇ ಅವರನ್ನು ಕೇಳಬಹುದು. ದಡದಲ್ಲಿ ಬಲೆ ಸರಿಪಡಿಸುತ್ತ ಕುಳಿತ ಮೀನುಗಾರರಿಗೆ ಅಂದಂದಿನ ನೀರಿನ ಸ್ವಭಾವ ಗೊತ್ತಿರುತ್ತದೆ. "ಇಲ್ ಇಳುಕಾಗ ಮಾರಾಯ್ರೆ" ಎಂದು ಅವರು ಅಂದರೆ ಮತ್ತೆ ಕಾರಣ ಕೇಳುತ್ತ ನಿಲ್ಲಬೇಕಿಲ್ಲ.