ಜೋಡಿಸಿದ್ದು ಹೇಗೆ ಅಂತ ಕೇಳಿ

1/5
ಹೊಟ್ಟೆ ಆಪರೇಷನ್ ಆದವರನ್ನ ನೋಡೋಕೆ ಹೋದ್ರೆ ನಾವು ಕೇಳೋದು ಮೂರೇ ಪ್ರಶ್ನೆ: ಎಷ್ಟು ಹೊಲಿಗೆ, ಎಷ್ಟು ದಿನ, ಎಷ್ಟು ಖರ್ಚು. ಜಠರದ ಒಂದು ಭಾಗ ತೆಗೆದ ಮೇಲೆ, ಉಳಿದದ್ದನ್ನ ಕರುಳಿಗೆ ಹೇಗೆ ಜೋಡಿಸಿದ್ರು ಅಂತ ಯಾರಾದ್ರೂ ಕೇಳ್ತೀರಾ? ಮುಂದೆ ಉಣ್ಣೋ ಪ್ರತಿ ತುತ್ತೂ ಆ ಜೋಡಣೆ ದಾಟಿಯೇ ಹೋಗಬೇಕು ಕಣ್ರೋ!

2/5
1881ರ ಜನವರಿ, ವಿಯೆನ್ನಾ. ಥಿಯೋಡರ್ ಬಿಲ್‌ರೋತ್ ಅನ್ನೋ ಸರ್ಜನ್ ಕ್ಯಾನ್ಸರ್ ಇದ್ದ 43 ವರ್ಷದ ಮಹಿಳೆಯ ಜಠರದ ಕೆಳಭಾಗ ತೆಗೆದು, ಉಳಿದದ್ದನ್ನ ಸಣ್ಣ ಕರುಳಿನ ಮೊದಲ ಭಾಗಕ್ಕೆ ಹೊಲಿದರು. ಆಕೆ ಸುಮಾರು 4 ತಿಂಗಳು ಬದುಕಿದರು. ಹೊಲಿಗೆ ಗಟ್ಟಿಯಾಗೇ ಇತ್ತು. ಪ್ರಾಣ ತೆಗೆದದ್ದು ಹರಡಿದ್ದ ಕ್ಯಾನ್ಸರ್.

3/5
ಇವತ್ತು ಮುಖ್ಯವಾಗಿ ಮೂರು ದಾರಿ.
▪️ ಬಿಲ್‌ರೋತ್-1: ಒಂದೇ ಜೋಡಣೆ, ಊಟ ಹಳೇ ದಾರಿಯಲ್ಲೇ ಸಾಗುತ್ತೆ. ಆದ್ರೆ ಜಾಸ್ತಿ ಭಾಗ ತೆಗೆದಿದ್ರೆ ತುದಿಗಳನ್ನ ಎಳೆದು ಕೂಡಿಸಬೇಕು. ಎಳೆತ ಇದ್ದಲ್ಲಿ ಸೋರುವ ಭಯ.
▪️ ಬಿಲ್‌ರೋತ್-2: ಜಠರವನ್ನ ಕರುಳಿನ ಮುಂದಿನ ಭಾಗಕ್ಕೆ ಜೋಡಿಸ್ತಾರೆ. ಎಳೆತ ಕಮ್ಮಿ. ಆದ್ರೆ ಪಿತ್ತ ಜಠರಕ್ಕೆ ನುಗ್ಗಿ ಉರಿ, ಕಹಿ ವಾಂತಿ ಆಗಬಹುದು.
▪️ ರೂ-ಎನ್-ವೈ: ಸ್ವಿಸ್ ಸರ್ಜನ್ ಸೆಸಾರ್ ರೂ ಹೆಸರಿನದು. ಪಿತ್ತವನ್ನ ದೂರ ಇಡುತ್ತೆ. ಆದ್ರೆ ಎರಡು ಕಡೆ ಜೋಡಣೆ, ಆಪರೇಷನ್‌ಗೆ ಹೆಚ್ಚು ಹೊತ್ತು, ಕೆಲವರಿಗೆ ಊಟ ನಿಧಾನಕ್ಕೆ ಇಳಿಯೋ ಕಾಟ.

4/5
"ಹಾಗಾದ್ರೆ ಯಾವುದು ಸೇಫ್?" ಬಿಕಾಂ ಓದೋ ನಾವೇ ಹೀಗೆ ಕೇಳಿದ್ರೆ ಹೇಗೆ? ಪ್ರತಿ ಡೆಬಿಟ್‌ಗೂ ಒಂದು ಕ್ರೆಡಿಟ್ ಇದ್ದೇ ಇರುತ್ತೆ. ಈ ರೋಗಿಗೆ, ಇಷ್ಟು ಭಾಗ ತೆಗೆದಾಗ, ಯಾವುದು ಸೇಫ್ ಅಂತ ಕೇಳಿ. "ಸ್ಟೇಪ್ಲರ್ ಹಾಕಿದಾರೆ, ಟೆನ್ಶನ್ ಇಲ್ಲ" ಅನ್ನೋರೇ, ಸ್ಟೇಪ್ಲರ್ ಹಿಡಿದು ನಿಲ್ಲಿಸುತ್ತೆ ಅಷ್ಟೇ. ಮಾಯಬೇಕಾದ್ರೆ ತುದಿಗಳಿಗೆ ರಕ್ತ ಹರೀಬೇಕು. ಸಿಗರೇಟು, ಹತೋಟಿ ತಪ್ಪಿದ ಶುಗರ್, ಸೊರಗಿದ ಮೈ, ಇವೆಲ್ಲ ಆ ಹೊಲಿಗೆಗೆ ಶತ್ರು.

5/5
"ನಮಗೇನ್ ಗೊತ್ತಾಗುತ್ತೆ, ಡಾಕ್ಟ್ರು ನೋಡ್ಕೋತಾರೆ" ಅಂತೀರಾ? ಆಪರೇಷನ್ ಅವರು ಮಾಡ್ತಾರೆ, ಸರಿ. ಮನೆಗೆ ಬಂದ ಮೇಲೆ ನೋಡ್ಕೊಳ್ಳೋದು ಯಾರು? ಜ್ವರ, ಎದೆ ಬಡಿತ ಜೋರು, ಹೊಟ್ಟೆನೋವು ಬಂದ್ರೆ ಸೋರಿಕೆ ಇರಬಹುದು, ತಕ್ಷಣ ಆಸ್ಪತ್ರೆಗೆ ಓಡಿ. ಉಂಡ ಕೂಡಲೇ ಬೆವರು, ತಲೆಸುತ್ತು ಬಂದ್ರೆ ಡಾಕ್ಟ್ರಿಗೆ ಹೇಳಿ. ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಉಣ್ಣೋದು, ಸಿಹಿ ಕಮ್ಮಿ ಮಾಡೋದು ಬೇಕಾಗಬಹುದು. ಬಿ12 ಪರೀಕ್ಷೆ ವರ್ಷಗಳಾದ್ರೂ ಮರೀಬೇಡಿ. ಹತ್ತು ವರ್ಷ ಬಿಟ್ಟು ಎಂಡೋಸ್ಕೋಪಿ ಮಾಡೋ ಡಾಕ್ಟ್ರಿಗೂ ಒಳಗಿನ ದಾರಿ ಗೊತ್ತಿರಬೇಕು.

ಅದಕ್ಕೇ ಡಿಸ್ಚಾರ್ಜ್ ದಿನ ಬಿಲ್ ಜೊತೆ ಇದನ್ನೂ ಕೇಳಿ: ಯಾವ ಜೋಡಣೆ, ಯಾಕೆ, ನಾವು ಏನನ್ನ ಗಮನಿಸಬೇಕು. ಕನ್ನಡದಲ್ಲಿ ಬರೆಸ್ಕೊಳ್ಳಿ. ಕೇಳೋದು ಡಾಕ್ಟ್ರಿಗೆ ಅವಮಾನ ಏನಲ್ಲ, ಅದು ನಿಮ್ಮ ಹಕ್ಕು.