ಬಾವುಟ ಹಿಡಿದ ಕೈಗೆ ಪುಸ್ತಕವೂ ಬೇಕು



ಮೊದಲು ಒಂದು ತಪ್ಪೊಪ್ಪಿಗೆ.

2024ರ ರಾಜ್ಯೋತ್ಸವದ ದಿನ ನಮ್ಮ ಬಡಾವಣೆಯ ವೃತ್ತದಲ್ಲಿ ಬಾವುಟ ಏರಿಸಿ, ಮೈಕು ಹಿಡಿದು ಮುಕ್ಕಾಲು ಗಂಟೆ ಮಾತಾಡಿ, ಶಾಲು ಹೊದ್ದು ವೇದಿಕೆ ಇಳಿದೆ. ಚಿತ್ರಾನ್ನದ ತಟ್ಟೆ ಹಿಡಿದಿದ್ದ ಹುಡುಗನೊಬ್ಬ ಹತ್ತಿರ ಬಂದ. ಹೊರ ರಾಜ್ಯದವನು, ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ. ಎರಡು ವರ್ಷದಲ್ಲಿ ಕನ್ನಡ ಮಾತಾಡುವುದನ್ನಷ್ಟೇ ಅಲ್ಲ, ಓದುವುದನ್ನೂ ಕಲಿತಿದ್ದ. "ಅಣ್ಣ, ಓದೋಕೆ ಒಂದು ಒಳ್ಳೆ ಕನ್ನಡ ಪುಸ್ತಕ ಹೇಳಿ. ನೀವು ಈಚೆಗೆ ಓದಿದ್ದು ಯಾವುದು?" ಎಂದು ಕೇಳಿದ.

ನನ್ನ ಬಾಯಿ ಕಟ್ಟಿಹೋಯಿತು. ಕನ್ನಡಕ್ಕೆ ಎಂಟು ಜ್ಞಾನಪೀಠ ಬಂದಿದೆ ಎಂದು ಆಗಷ್ಟೇ ಗುಡುಗಿ ಬಂದವನು ನಾನು. ಆ ಎಂಟು ಮಂದಿಯಲ್ಲಿ ಒಬ್ಬರ ಪುಸ್ತಕವನ್ನೂ ಹತ್ತು ವರ್ಷದಿಂದ ಮುಟ್ಟಿರಲಿಲ್ಲ! ಕಾಲೇಜಿನಲ್ಲಿ ಪಠ್ಯವಾಗಿದ್ದ ಒಂದೆರಡು ಹೆಸರು ತಡವರಿಸಿ ಹೇಳಿ ಅಲ್ಲಿಂದ ಜಾಗ ಖಾಲಿ ಮಾಡಿದೆ. ಬ್ಯಾಂಕಿನ ಚಲನ್ ಕನ್ನಡದಲ್ಲಿಲ್ಲ ಎಂದು ಮ್ಯಾನೇಜರ್ ಎದುರು ಜಗಳಕ್ಕೆ ನಿಲ್ಲಬಲ್ಲೆ. ಅಂಗಡಿಯ ಬೋರ್ಡಿನಲ್ಲಿ ಕನ್ನಡದ ಅಕ್ಷರ ಎಷ್ಟು ದಪ್ಪ ಇರಬೇಕೆಂದು ಅಳತೆ ಹೇಳಬಲ್ಲೆ. ಆದರೆ ಕನ್ನಡವನ್ನು ಪ್ರೀತಿಸಲು ಬಂದವನಿಗೆ ಒಂದು ಪುಸ್ತಕ ಕೊಡಲಾರದೆ ಹೋದೆ. ಬೋರ್ಡು ಓದುವ ಕನ್ನಡ ಮಾತ್ರ ಉಳಿದರೆ ಸಾಕೇ?

ಮುಂದಿನ ರಾಜ್ಯೋತ್ಸವದೊಳಗೆ ಹನ್ನೆರಡು ಪುಸ್ತಕ ಓದಬೇಕು, ಅರ್ಧ ಹೊಸದು, ಅರ್ಧ ಹಿಂದೆ ಓದಿದ್ದು ಎಂದು ಅಂದೇ ತೀರ್ಮಾನಿಸಿದೆ. ಹತ್ತು ಮುಗಿದವು. ಎರಡರಲ್ಲಿ ಸೋತೆ. ಅದರ ಲೆಕ್ಕವನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಕೈಗೆತ್ತಿಕೊಂಡದ್ದು ಮಾಸ್ತಿಯವರ 'ಚಿಕವೀರ ರಾಜೇಂದ್ರ'. ಕಾಲೇಜಿನಲ್ಲಿ ಓದಿದಾಗ ಬ್ರಿಟಿಷರ ಕುತಂತ್ರವಷ್ಟೇ ಕಣ್ಣಿಗೆ ಬಿದ್ದಿತ್ತು. 1834ರಲ್ಲಿ ಇಂಗ್ಲಿಷರು ಬಂದರು, ಕೊಡಗು ಹೋಯಿತು ಎಂದು ಸಿಟ್ಟು ಬಂದಿತ್ತು. ಈ ಸಲ ಓದಿದಾಗ ಸಿಟ್ಟು ಬೇರೆ ಕಡೆ ತಿರುಗಿತು. ಅರಮನೆಯೊಳಗೆ ಎಲ್ಲ ಕೊಳೆತಿತ್ತು. ರಾಜನಿಗೆ ತನ್ನ ಜನದ ಮೇಲೆ ನಂಬಿಕೆ ಇರಲಿಲ್ಲ, ಜನಕ್ಕೆ ರಾಜನ ಮೇಲೆ ಇರಲಿಲ್ಲ, ಮಂತ್ರಿಗಳಿಗೂ ಬೇಸತ್ತು ಹೋಗಿತ್ತು. ಬಾಗಿಲು ಒಳಗಿನಿಂದಲೇ ತೆರೆದಿತ್ತು. ಹೊರಗಿನವರು ನೂಕಬೇಕಾದದ್ದು ಅಷ್ಟೇನಿರಲಿಲ್ಲ. ಕನ್ನಡದ ಕಥೆಯೂ ಹೀಗೇ ಅಲ್ಲವೇ? ಹೊರಗಿನವರು ಬಂದು ಕೆಡಿಸಿದರು ಎನ್ನುತ್ತೇವೆ. ನಮ್ಮ ಅಡುಗೆಮನೆಯಲ್ಲಿ, ನಮ್ಮ ಮಕ್ಕಳ ಜೊತೆ, ನಾವೇ ಯಾವ ಭಾಷೆಯಲ್ಲಿ ಮಾತಾಡುತ್ತಿದ್ದೇವೆ?

ಇದನ್ನು ಬರೆದ ಮಾಸ್ತಿಯವರ ಮನೆಮಾತು ತಮಿಳು. ಬೇಂದ್ರೆಯವರದು ಮರಾಠಿ. ಗಿರೀಶ್ ಕಾರ್ನಾಡರದು ಕೊಂಕಣಿ. ನಾವು ಎದೆ ತಟ್ಟಿ ಹೇಳುವ ಎಂಟು ಜ್ಞಾನಪೀಠಗಳಲ್ಲಿ ಮೂರನ್ನು ತಂದವರು ಮನೆಯಲ್ಲಿ ಬೇರೆ ನುಡಿ ಆಡುತ್ತಿದ್ದವರು! ಇದು ನನಗೆ ಮೊದಲೂ ಗೊತ್ತಿತ್ತು. ಆದರೆ ಭಾಷಣದಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಹೇಳಿದರೆ ಚಪ್ಪಾಳೆ ಕಡಿಮೆಯಾದೀತು ಎಂಬ ಅಳುಕು.

ಆ ಅಳುಕನ್ನು ಪೂರ್ತಿ ಬಿಡಿಸಿದ್ದು ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ'. "ಕಾಸರಗೋಡು ನಮ್ಮದು" ಎಂದು ಎಷ್ಟು ಸಲ ಕೂಗಿದ್ದೇವೆ! 1956ರಲ್ಲಿ ಅದು ಕೇರಳಕ್ಕೆ ಸೇರಿದ ಗಾಯ ಇಂದಿಗೂ ಮಾಗಿಲ್ಲ. ಆದರೆ ಕಾಸರಗೋಡಿನ ಒಬ್ಬ ಹೆಣ್ಣುಮಗಳ ಬದುಕು ನಮಗೆಷ್ಟು ಗೊತ್ತಿತ್ತು? ಸಾರಾ ಹುಟ್ಟಿದ್ದು ಅಲ್ಲೇ, 1936ರಲ್ಲಿ. ಮಲಯಾಳ ಮಾತಾಡುವ ಮುಸ್ಲಿಂ ಮನೆ, ಓದಿದ್ದು ಕನ್ನಡ ಶಾಲೆಯಲ್ಲಿ. ಅಪ್ಪ ಮತ್ತು ಗಂಡನ ಹಟದ ನಡುವೆ ಸಿಕ್ಕು ನುಚ್ಚುನೂರಾಗುವ ನಾದಿರಾಳ ಕಥೆಯನ್ನು ಅವರು ಬರೆಯಲು ಆರಿಸಿಕೊಂಡದ್ದು ಕನ್ನಡವನ್ನು. ಲಂಕೇಶ್ ಪತ್ರಿಕೆಯಲ್ಲಿ ಅದು ಧಾರಾವಾಹಿಯಾಗಿ ಬಂತು. ನಕ್ಷೆಯ ಮೇಲೆ ಗೆರೆ ಎಳೆದವರು ಕಾಸರಗೋಡನ್ನು ಆಚೆಗಿಟ್ಟರು. ಒಬ್ಬ ಹೆಣ್ಣುಮಗಳು ಒಂದು ಕಾದಂಬರಿಯಿಂದ ಅದನ್ನು ಈಚೆಗೆ ತಂದು ಕೂರಿಸಿದರು. ನಮ್ಮ ಘೋಷಣೆ ದೊಡ್ಡದೋ, ಅವರ ಪುಸ್ತಕ ದೊಡ್ಡದೋ? ನೀವೇ ಹೇಳಿ.

ವರ್ಷದ ನಡುವೆ, 2025ರ ಮೇ ತಿಂಗಳಲ್ಲಿ, ಬಾನು ಮುಷ್ತಾಕ್ ಅವರ ಕಥೆಗಳಿಗೆ ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿ ಬಂತು. ಇಂಗ್ಲಿಷಿಗೆ ತಂದವರು ದೀಪಾ ಭಾಸ್ತಿ. ನಮ್ಮ ಹುಡುಗರು ಸಂಭ್ರಮದಿಂದ ಫ್ಲೆಕ್ಸ್ ಕಟ್ಟಿದರು. ನಾನೂ ಹಗ್ಗ ಹಿಡಿದೆ. ಕಟ್ಟಿ ಮುಗಿದ ಮೇಲೆ ಕೇಳಿದೆ: "ಅವರ ಒಂದು ಕಥೆ ಓದಿದವರು ಯಾರಿದ್ದೀರಿ?" ಹದಿನಾಲ್ಕು ಜನರಲ್ಲಿ ಒಬ್ಬನೂ ಕೈ ಎತ್ತಲಿಲ್ಲ. ಕೇಳಿದ ನಾನೂ ಎತ್ತಲಿಲ್ಲ. ಆ ವಾರವೇ ಅವೆನ್ಯೂ ರಸ್ತೆಗೆ ಹೋಗಿ ಹುಡುಕಿ, ಸಿಗದೆ, ಗಾಂಧಿಬಜಾರಿನಲ್ಲಿ ಕೊಂಡು ಓದಿದೆ. ಲಂಡನ್ನಿನವರು ಹೇಳಿದ ಮೇಲೆ ಹಾಸನದವರನ್ನು ಓದುವ ಗತಿ ನಮಗೆ ಬರಬಾರದಿತ್ತು.

ಕಾರಂತರ 'ಚೋಮನ ದುಡಿ'ಯನ್ನು ಹಿಂದೆ ಪರೀಕ್ಷೆಗೆಂದು ಓದಿದ್ದೆ. 1933ರ ಕಾದಂಬರಿ, ದಲಿತನ ದುಃಖದ ಕಥೆ, ಹತ್ತು ಅಂಕದ ಪ್ರಶ್ನೆ. ಅಷ್ಟೇ. ಈಗ ಓದಿದರೆ ಎದೆ ಬಿರಿಯುತ್ತದೆ. ಚೋಮ ಕೇಳಿದ್ದು ಕರುಣೆಯನ್ನಲ್ಲ, ಉಳಲು ಒಂದು ತುಂಡು ನೆಲವನ್ನು. ಎತ್ತು ಇತ್ತು, ತೋಳಿನಲ್ಲಿ ಬಲ ಇತ್ತು, ಜಾತಿ ಅಡ್ಡ ನಿಂತಿತು. ಈ ನಾಡು ಯಾರದು ಎಂದು ನಾವು ಕೂಗುವಾಗ, ಅದರಲ್ಲಿ ಚೋಮನ ಪಾಲೆಷ್ಟು ಎಂದು ಕೇಳಿಕೊಂಡಿದ್ದೇವೆಯೇ?

ಆ ಪ್ರಶ್ನೆಯೇ ದೇವನೂರ ಮಹಾದೇವ ಅವರ 'ಕುಸುಮಬಾಲೆ'ಯ ಬಾಗಿಲಿಗೆ ತಂದು ನಿಲ್ಲಿಸಿತು. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಪುಸ್ತಕ. ಹಿಂದೆ ಎರಡು ಸಲ ಹತ್ತನೇ ಪುಟದಲ್ಲಿ ಕೈಬಿಟ್ಟಿದ್ದೆ. "ಇದು ಕನ್ನಡವೇ?" ಎಂದು ಗೊಣಗಿದ್ದೆ. ಮೂರನೇ ಸಲ ನಂಜನಗೂಡಿನ ಕಡೆಯ ಗೆಳೆಯನನ್ನು ಕೂರಿಸಿಕೊಂಡು ಜೋರಾಗಿ ಓದಿಸಿದೆ. ಕಣ್ಣಿಗೆ ಸಿಗದಿದ್ದದ್ದು ಕಿವಿಗೆ ಸಿಕ್ಕಿತು. ಆಟೋ ನಿಲ್ದಾಣದಲ್ಲಿ, ಕಟ್ಟಡ ಕಟ್ಟುವ ಕಡೆ ದಿನಾ ಕೇಳುವ ಕನ್ನಡ! ಅದನ್ನು ಕೀಳು ಎಂದು ಬಗೆದವರು ಯಾರು? ಇಂಗ್ಲಿಷಿನವರಲ್ಲ, ಹಿಂದಿಯವರಲ್ಲ. ಪುಸ್ತಕದ ಕನ್ನಡ ಒಂದೇ ಕನ್ನಡ ಎಂದುಕೊಂಡಿದ್ದ ನಾನೇ.

ಇನ್ನು ಸೋಲು. ಒಂದು ಪಂಪಭಾರತ. ಹತ್ತನೆಯ ಶತಮಾನದ ಮಹಾಕವಿಯ ಹೆಸರನ್ನು ಪ್ರತಿ ಭಾಷಣದಲ್ಲೂ ಎತ್ತುವ ನಾನು ನಾಲ್ಕು ಪದ್ಯ ದಾಟಲಿಲ್ಲ. ಗದ್ಯಾನುವಾದ ಪಕ್ಕದಲ್ಲಿಟ್ಟು, ಗೊತ್ತಿದ್ದವರೊಬ್ಬರ ಮುಂದೆ ಕೂರಬೇಕು ಎಂಬುದಷ್ಟೇ ಗೊತ್ತಾಯಿತು. ಇನ್ನೊಂದು ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು'. ಅರ್ಧದಲ್ಲಿದ್ದೇನೆ. ಅದು ಅವಸರದಿಂದ ಓಡಿಸಿಕೊಂಡು ಹೋಗುವ ಪುಸ್ತಕವಲ್ಲ.

ಕೊನೆಗೆ ಮನೆಯ ಮಾತು. ನನ್ನ ಮಗಳು ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೋಗುತ್ತಾಳೆ. ಹೌದು, ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ. 1982ರ ಗೋಕಾಕ್ ಚಳವಳಿಯಲ್ಲಿ ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಮಣೆ ಬೇಕೆಂದು ನಮ್ಮ ಹಿರಿಯರು ಬೀದಿಗಿಳಿದರು. 2014ರಲ್ಲಿ ಸುಪ್ರೀಂ ಕೋರ್ಟು ಕಲಿಕೆಯ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದಿತು. ಆ ತೀರ್ಪನ್ನು ಬೈದುಕೊಂಡು ಓಡಾಡಿದೆ. ಆದರೆ ರಾತ್ರಿ ಊಟವಾದ ಮೇಲೆ ಮಗಳಿಗೆ ಕನ್ನಡ ಓದಿ ಹೇಳಬೇಡ ಎಂದು ಯಾವ ಕೋರ್ಟು ತಡೆದಿತ್ತು?

ತೇಜಸ್ವಿಯವರ 'ಕರ್ವಾಲೊ' ತಂದೆ. ದಿನಕ್ಕೆ ನಾಲ್ಕು ಪುಟ. ಮೊದಲ ವಾರ ಅವಳು ಆಕಳಿಸಿದಳು. ಎರಡನೇ ವಾರ ಮಂದಣ್ಣನ ಅವಾಂತರಕ್ಕೆ ಬಿದ್ದು ಬಿದ್ದು ನಕ್ಕಳು. ಮೂರನೇ ವಾರ ನಾನು ಸಭೆ ಮುಗಿಸಿ ತಡವಾಗಿ ಮನೆಗೆ ಬಂದರೆ, ಪುಸ್ತಕ ಅವಳ ಕೈಯಲ್ಲಿತ್ತು. ಹಾರುವ ಓತಿ ಸಿಗುತ್ತದೋ ಇಲ್ಲವೋ ತಿಳಿಯಬೇಕಿತ್ತು, ಅಪ್ಪ ಬಂದಿರಲಿಲ್ಲ. ಒತ್ತಕ್ಷರಕ್ಕೆ ಬೆರಳಿಟ್ಟು ತಾನೇ ಓದುತ್ತಿದ್ದಳು. ಇಪ್ಪತ್ತು ವರ್ಷದ ಹೋರಾಟದಲ್ಲಿ ನಾನು ಗೆದ್ದದ್ದು ಏನೆಂದು ಯಾರಾದರೂ ಕೇಳಿದರೆ ಈಗ ಆ ರಾತ್ರಿಯನ್ನು ಹೇಳುತ್ತೇನೆ.

ಪುಸ್ತಕ ಓದುತ್ತಾ ಕೂತರೆ ಚಳವಳಿ ಮಾಡುವವರಾರು ಎಂದು ಕೆಲವು ಗೆಳೆಯರು ಕೇಳುತ್ತಾರೆ. ಅವರಿಗೆ ಎರಡು ಹೆಸರು ನೆನಪಿಸುತ್ತೇನೆ. ನಾವು ಹೆಗಲ ಮೇಲೆ ಹೊರುವ ಹಳದಿ ಕೆಂಪು ಬಾವುಟವನ್ನು ಕೊಟ್ಟ ಮ. ರಾಮಮೂರ್ತಿ ಪತ್ತೇದಾರಿ ಕಾದಂಬರಿಕಾರರು. ಬೆಂಗಳೂರಿನಲ್ಲಿ ಕನ್ನಡದ ಕೂಗು ಎಬ್ಬಿಸಿದ ಅ.ನ.ಕೃ. ನೂರಕ್ಕೂ ಹೆಚ್ಚು ಕಾದಂಬರಿ ಬರೆದವರು. ಈ ಚಳವಳಿ ಹುಟ್ಟಿದ್ದೇ ಓದು ಬರಹದ ಹೊಟ್ಟೆಯಲ್ಲಿ. ಬಾವುಟ ಉಳಿಸಿಕೊಂಡು ಪುಸ್ತಕ ಕಳೆದುಕೊಂಡವರು ನಾವು.

ಹಾಗಾದರೆ ಮಾಡಬೇಕಾದದ್ದೇನು? ದುಡ್ಡಿಲ್ಲ ಎನ್ನಬೇಡಿ. 1965ರ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ವಸೂಲಾಗುತ್ತದೆ. ಬೆಂಗಳೂರಿನಲ್ಲಿ ಅದು ಶೇಕಡ 6. ಅದು ನಿಮ್ಮ ಅಪ್ಪ ಅಮ್ಮ ಕಟ್ಟಿದ ಹಣ. ನಿಮ್ಮ ವಾರ್ಡಿನ ಗ್ರಂಥಾಲಯಕ್ಕೆ ಹೋಗಿ. ಬಾಗಿಲು ಮುಚ್ಚಿದ್ದರೆ ತೆಗೆಸಿ. ಹೊಸ ಪುಸ್ತಕ ಬಂದಿಲ್ಲವಾದರೆ ಏಕೆಂದು ಬರೆದು ಕೇಳಿ. ಇದೂ ಹೋರಾಟವೇ. ಪ್ರತಿ ಘಟಕವೂ ತಿಂಗಳಿಗೊಮ್ಮೆ ಒಂದು ಪುಸ್ತಕ ಓದಿ ಒಂದು ಸಂಜೆ ಚರ್ಚಿಸಲಿ. ರಾಜ್ಯೋತ್ಸವದ ಶಾಲು ಹಾರಕ್ಕೆ ಸುರಿಯುವ ದುಡ್ಡಿನಲ್ಲಿ ಪುಸ್ತಕ ಕೊಟ್ಟು ಸನ್ಮಾನಿಸಿ.

2025ರ ರಾಜ್ಯೋತ್ಸವಕ್ಕೆ ನಾನು ಭಾಷಣ ಮಾಡಿದ್ದು ಹತ್ತೇ ನಿಮಿಷ. ಇಳಿದವನೇ ರಿಪೇರಿ ಅಂಗಡಿಗೆ ಹೋಗಿ, ಮಗಳು ಮುಗಿಸಿದ್ದ 'ಕರ್ವಾಲೊ'ವನ್ನು ಆ ಹುಡುಗನ ಕೈಗಿಟ್ಟೆ. "ತಡವಾಯಿತಪ್ಪ" ಎಂದೆ. ಅವನು ನಕ್ಕು, ಹಾಳೆಯ ಮೂಲೆಗಳಲ್ಲಿ ಅವಳು ಪೆನ್ಸಿಲಿನಲ್ಲಿ ಬರೆದಿದ್ದ ಓತಿಗಳನ್ನು ನೋಡಿ, ಅಲ್ಲೇ ನಿಂತು ಮೊದಲ ಪುಟ ಓದತೊಡಗಿದ.

ನಿಮ್ಮನ್ನು ಅಂಥವನೊಬ್ಬ ನಾಳೆ ಕೇಳುತ್ತಾನೆ. ಉತ್ತರ ಸಿದ್ಧವಿರಲಿ.