ಮೂರು ವಾದ್ಯಗಳಲ್ಲಿ ಸಂದಾಯವಾದ ಋಣ

1882ರ ಮಾರ್ಚ್ ತಿಂಗಳಿನಲ್ಲಿ ಮಾಸ್ಕೋ ನಗರದ ಸಂಗೀತ ಕಾಲೇಜಿನಲ್ಲಿ ಒಂದು ಕಛೇರಿ ನಡೆಯುವುದಿತ್ತು. ಅದು ಸಾರ್ವಜನಿಕ ಕಛೇರಿಯಲ್ಲ. ಕಾಲೇಜಿನವರು ತಮ್ಮತಮ್ಮೊಳಗೆ ಆಚರಿಸಲಿದ್ದ ಪುಣ್ಯತಿಥಿ. ಕಾಲೇಜಿನ ಸ್ಥಾಪಕರೂ ನಿರ್ದೇಶಕರೂ ಆಗಿದ್ದ ನಿಕೊಲಾಯ್ ರುಬಿನ್‌ಸ್ಟೈನ್ ತೀರಿಕೊಂಡು, ಇಂದಿನ ಕ್ಯಾಲೆಂಡರಿನ ಪ್ರಕಾರ ಆ ತಿಂಗಳ 23ಕ್ಕೆ ಒಂದು ವರ್ಷ ತುಂಬುತ್ತಿತ್ತು. ನುಡಿಸಬೇಕಾದವರು ಅದೇ ಕಾಲೇಜಿನ ಮೂವರು ಅಧ್ಯಾಪಕರು. ಕೃತಿ ಹೊಚ್ಚ ಹೊಸದು. ಫೆಬ್ರವರಿಯಲ್ಲಷ್ಟೇ ರೋಮ್ ನಗರದಲ್ಲಿ ಬರೆದು ಮುಗಿದದ್ದು. ಬರೆದವರು ಪೀಟರ್ ಇಲಿಚ್ ಚೈಕೋವ್‌ಸ್ಕಿ. ಸೋಜಿಗವೆಂದರೆ, ಆ ಬಗೆಯ ಕೃತಿಯನ್ನು ತಾವೆಂದೂ ಬರೆಯಲಾರೆವೆಂದು ಒಂದೂವರೆ ವರ್ಷದ ಹಿಂದಷ್ಟೇ ಖಂಡತುಂಡವಾಗಿ ಹೇಳಿದ್ದವರೂ ಅವರೇ.

ಆ ಬಗೆಯನ್ನು ಪಾಶ್ಚಾತ್ಯರು ಪಿಯಾನೋ ಟ್ರಯೊ ಎನ್ನುತ್ತಾರೆ. ಪಿಯಾನೋ, ಪಿಟೀಲು, ಚೆಲ್ಲೊ ಎಂಬ ಮೂರೇ ವಾದ್ಯಗಳ ಸಂಗೀತವದು. ಚೆಲ್ಲೊ ಪಿಟೀಲಿನ ಕುಲಕ್ಕೇ ಸೇರಿದ್ದು. ಗಾತ್ರದಲ್ಲಿ ಹಿರಿದು, ದನಿಯಲ್ಲಿ ಮಂದ್ರ, ಕುಳಿತು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸುವಂಥದು. ನಮ್ಮ ಕಛೇರಿಗಳಲ್ಲಿ ಗಾಯಕರು ಮುಂದೆ, ಪಕ್ಕವಾದ್ಯದವರು ಅವರ ಹಿಂದೆ ನಡೆಯುವರು. ಟ್ರಯೊದಲ್ಲಿ ಹಾಗಿಲ್ಲ. ಮೂವರೂ ಸಮಾನರು, ಕೋಲು ಬೀಸಿ ನಡೆಸುವ ನಿರ್ದೇಶಕನೂ ಇರುವುದಿಲ್ಲ. ಒಬ್ಬರು ಇನ್ನೊಬ್ಬರ ಉಸಿರನ್ನು ಗಮನಿಸುತ್ತ ನಡೆಯಬೇಕು.

ಚೈಕೋವ್‌ಸ್ಕಿಯವರ ತಕರಾರು ಇದ್ದುದು ಈ ಸಮಾನತೆಯ ವಿಷಯದಲ್ಲಿಯೇ. ಪಿಯಾನೋ ಸಹ ತಂತಿವಾದ್ಯವೇ. ಆದರೆ ಸಂತೂರಿನಂತೆ ತಂತಿಗೆ ಪೆಟ್ಟುಬಿದ್ದು ನಾದ ಹುಟ್ಟುತ್ತದೆ, ಹುಟ್ಟಿದ ಕ್ಷಣದಿಂದಲೇ ಕ್ಷೀಣಿಸುತ್ತದೆ. ಪಿಟೀಲು ಚೆಲ್ಲೊಗಳಲ್ಲಿ ಕಮಾನು ಎಳೆದಷ್ಟು ಹೊತ್ತು ನಾದ ನಿಲ್ಲುತ್ತದೆ. ಇವೆರಡು ಗುಣಗಳು ಒಂದರೊಳಗೊಂದು ಬೆರೆಯವೆಂಬುದು ಅವರ ಖಚಿತ ಅಭಿಪ್ರಾಯ. ಅವರಿಗೆ ವರ್ಷಾಶನ ನೀಡಿ ಪೋಷಿಸುತ್ತಿದ್ದ ನದೇಝ್ದಾ ಫಾನ್ ಮೆಕ್ ಎಂಬ ಶ್ರೀಮಂತ ಮಹಿಳೆ 1880ರಲ್ಲಿ ಒಂದು ಟ್ರಯೊ ಬರೆದುಕೊಡಿರೆಂದು ಕೇಳಿದಾಗ, ಆ ಮೂರು ವಾದ್ಯಗಳ ಕೂಟ ತಮ್ಮ ಕಿವಿಗೆ ಸಹಿಸದೆಂದು ಅವರು ಉತ್ತರ ಬರೆದರು. ಅನ್ನವಿತ್ತವರ ಕೋರಿಕೆಗೂ ಬಗ್ಗದ ಅಭಿಪ್ರಾಯ ಮರುವರ್ಷವೇ ಬದಲಾಯಿತೆಂದರೆ, ಅದಕ್ಕೆ ಪ್ರಬಲವಾದ ಕಾರಣವಿರಲೇಬೇಕು.

ರುಬಿನ್‌ಸ್ಟೈನ್ ಮತ್ತು ಚೈಕೋವ್‌ಸ್ಕಿ ಇಬ್ಬರೂ ಮೊದಲು ಓದಿದ್ದು ಕಾನೂನು. ರುಬಿನ್‌ಸ್ಟೈನ್ ಮಾಸ್ಕೋ ವಿಶ್ವವಿದ್ಯಾಲಯದ ಕಾನೂನು ಪದವೀಧರರು. ಚೈಕೋವ್‌ಸ್ಕಿ ಪೀಟರ್ಸ್‌ಬರ್ಗಿನ ನ್ಯಾಯಶಾಸ್ತ್ರ ಶಾಲೆಯಲ್ಲಿ 1859ರಲ್ಲಿ ಓದು ಮುಗಿಸಿ, ನ್ಯಾಯ ಇಲಾಖೆಯಲ್ಲಿ ಗುಮಾಸ್ತರಾಗಿದ್ದವರು. 1866ರಲ್ಲಿ ಮಾಸ್ಕೋದ ಕಾಲೇಜು ಆರಂಭವಾದಾಗ, ಹೆಸರಿಲ್ಲದ ಈ ತರುಣನನ್ನು ಅಧ್ಯಾಪಕನನ್ನಾಗಿ ಕರೆತಂದು, ತಮ್ಮ ಮನೆಯಲ್ಲಿಯೇ ಇರಿಸಿಕೊಂಡವರು ರುಬಿನ್‌ಸ್ಟೈನ್. ಚೈಕೋವ್‌ಸ್ಕಿಯವರ ಮೊದಲ ಸಿಂಫನಿಯನ್ನು ಜನರ ಮುಂದೆ ತಂದವರು ಅವರು. ‘ಯೆವ್ಗೆನಿ ಒನೇಗಿನ್’ ಎಂಬ ಸಂಗೀತ ನಾಟಕವನ್ನು 1879ರಲ್ಲಿ ಕಾಲೇಜಿನ ವಿದ್ಯಾರ್ಥಿಗಳಿಂದಲೇ ಮೊದಲಬಾರಿಗೆ ಆಡಿಸಿದವರೂ ಅವರೇ.

ಆದರೆ ಈ ಲೆಕ್ಕದ ಪುಸ್ತಕಕ್ಕೆ ಇನ್ನೊಂದು ಪುಟವೂ ಇದೆ. 1874ರ ಕ್ರಿಸ್‌ಮಸ್ ಹಿಂದಿನ ದಿನ ಚೈಕೋವ್‌ಸ್ಕಿ ತಮ್ಮ ಮೊದಲ ಪಿಯಾನೋ ಕನ್ಸರ್ಟೊವನ್ನು ಕಾಲೇಜಿನ ಕೊಠಡಿಯೊಂದರಲ್ಲಿ ರುಬಿನ್‌ಸ್ಟೈನರಿಗೆ ನುಡಿಸಿ ತೋರಿಸಿದರು. ಹಿರಿಯರು ಬಹಳ ಹೊತ್ತು ಮೌನವಾಗಿದ್ದರು. ಆಮೇಲೆ ಬಂದದ್ದು ಬೈಗುಳದ ಸುರಿಮಳೆ: ಕೃತಿ ನಿಸ್ಸಾರ, ನುಡಿಸಲು ಬಾರದ್ದು, ಅಲ್ಲಲ್ಲಿ ಕದ್ದದ್ದು. ತಿದ್ದಿದರೆ ನುಡಿಸುವೆನೆಂದರು. ಒಂದು ಸ್ವರವನ್ನೂ ಬದಲಿಸೆನೆಂದು ಚೈಕೋವ್‌ಸ್ಕಿ ಹೊರಟುಬಂದರು. ಮೂರು ವರ್ಷಗಳ ಬಳಿಕ ಅದನ್ನು ಪತ್ರದಲ್ಲಿ ವಿವರಿಸುವಾಗಲೂ ಆ ಗಾಯ ಮಾಗಿರಲಿಲ್ಲ. ಆದರೆ ರುಬಿನ್‌ಸ್ಟೈನರ ದೊಡ್ಡತನವೂ ಇಲ್ಲಿಯೇ ಕಾಣುತ್ತದೆ. ಒಂದು ವರ್ಷ ಕಳೆಯುವ ಮೊದಲೇ ಅದೇ ಕನ್ಸರ್ಟೊದ ಮಾಸ್ಕೋ ಪ್ರಯೋಗಕ್ಕೆ ಅವರೇ ವಾದ್ಯವೃಂದವನ್ನು ನಡೆಸಿದರು. ಮುಂದೆ ಸ್ವತಃ ಪಿಯಾನೋಕ್ಕೆ ಕುಳಿತು ಅದನ್ನು ಊರೂರುಗಳಲ್ಲಿ ನುಡಿಸಿ ಮೆರೆಸಿದರು. ತಪ್ಪಾಯಿತೆಂದು ಬಾಯಿಬಿಟ್ಟು ಹೇಳುವುದಕ್ಕಿಂತ ಇದು ಮೇಲು.

1881ರ ಮಾರ್ಚಿಯಲ್ಲಿ, ಕ್ಷಯರೋಗದಿಂದ ಬಳಲಿದ್ದ ರುಬಿನ್‌ಸ್ಟೈನ್ ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ಆಗ ಅವರಿಗೆ ವಯಸ್ಸು 45. ಫ್ರಾನ್ಸಿನ ನೀಸ್ ಪಟ್ಟಣದಲ್ಲಿದ್ದ ಚೈಕೋವ್‌ಸ್ಕಿ ಸುದ್ದಿ ತಿಳಿದು ಪ್ಯಾರಿಸ್ಸಿಗೆ ಧಾವಿಸಿದರು. ಆ ವರ್ಷದ ಡಿಸೆಂಬರಿನಲ್ಲಿ, ರೋಮ್‌ನಲ್ಲಿ ಕುಳಿತು, ತಾವು ಒಲ್ಲೆನೆಂದಿದ್ದ ಟ್ರಯೊವನ್ನೇ ಬರೆಯತೊಡಗಿದರು. ಅಗಲಿದವರು ಪಿಯಾನೋ ವಿದ್ವಾಂಸರು; ಅವರ ನೆನಪಿಗೆ ಪಿಯಾನೋ ಬೇಡವೇ? ಅವರು ಕಟ್ಟಿದ್ದು ಒಂದು ಕಾಲೇಜು. ಅದರ ಅಧ್ಯಾಪಕರು ಕೂಡಿ ನುಡಿಸುವಂತಿರಬೇಡವೇ? ತಮಗೆ ರುಚಿಸಿದ್ದನ್ನು ಅರ್ಪಿಸುವುದು ಸುಲಭ. ಅಗಲಿದವರಿಗೆ ಒಪ್ಪುವುದನ್ನು, ತಮ್ಮ ರುಚಿಯನ್ನು ಬದಿಗಿಟ್ಟು ಅರ್ಪಿಸುವುದು ಋಣದ ಸಂದಾಯ.

ಕೃತಿಯಲ್ಲಿ ಎರಡೇ ಭಾಗಗಳು. ನುಡಿಸಲು ಮುಕ್ಕಾಲು ಗಂಟೆಗೂ ಹೆಚ್ಚು ಬೇಕು. ಮೊದಲನೆಯದು ಶೋಕಗೀತ. ಅದರ ರಾಗವನ್ನು ಮೊದಲು ಎತ್ತಿಕೊಳ್ಳುವುದು ಚೆಲ್ಲೊ. ಎರಡನೆಯದರಲ್ಲಿ ಪಿಯಾನೋ ಒಂಟಿಯಾಗಿ ಒಂದು ಸರಳ ರಾಗವನ್ನು ನುಡಿಸುತ್ತದೆ. ಬಳಿಕ ಅದೇ ರಾಗ ವೇಷ ಬದಲಿಸುತ್ತ ಸಾಗುತ್ತದೆ. ಒಮ್ಮೆ ಕೀಲಿ ಕೊಟ್ಟ ಸಂಗೀತ ಪೆಟ್ಟಿಗೆ, ಒಮ್ಮೆ ವಾಲ್ಟ್ಸ್ ಕುಣಿತ, ಒಮ್ಮೆ ಪಂಡಿತರ ಶಾಸ್ತ್ರೀಯ ಕಟ್ಟು, ಒಮ್ಮೆ ಪೋಲೆಂಡಿನ ಮಝೂರ್ಕಾ ನೃತ್ಯ. ನಗುವೂ ಸಡಗರವೂ ಅಲ್ಲಿವೆ. ಸತ್ತವರನ್ನು ನೆನೆಯುವುದೆಂದರೆ ಅವರ ಸಾವನ್ನಷ್ಟೇ ಅಲ್ಲ, ಬದುಕನ್ನೂ ನೆನೆಯುವುದು ಎಂಬಂತೆ. ಸಂಭ್ರಮ ತುತ್ತತುದಿಗೇರಿದಾಗ ಮೊದಲಿನ ಶೋಕರಾಗ ಗರ್ಜಿಸಿ ಮರಳುತ್ತದೆ. ಕೊನೆಗೆ ಉಳಿಯುವುದು ಶವಯಾತ್ರೆಯ ಹೆಜ್ಜೆಯ ಸಪ್ಪಳ. ಅದೂ ದೂರವಾಗಿ ಅಡಗಿಹೋಗುತ್ತದೆ.

ಪುಣ್ಯತಿಥಿಯ ದಿನ ಕಾಲೇಜಿನಲ್ಲಿ ಅದನ್ನು ನುಡಿಸಿದವರಲ್ಲಿ ಪಿಟೀಲಿನ ಯಾನ್ ಹ್ರಿಮಾಲಿ ಚೆಕ್ ದೇಶದವರು, ಚೆಲ್ಲೊದ ವಿಲ್ಹೆಲ್ಮ್ ಫಿಟ್ಸೆನ್‌ಹಾಗೆನ್ ಜರ್ಮನರು. ಪಿಯಾನೋಕ್ಕೆ ಕುಳಿತವರು 25 ವರ್ಷದ ಸೆರ್ಗೆಯ್ ತನೇಯೆವ್. ಕಾಲೇಜು ತೆರೆದ ವರ್ಷವೇ, ಹತ್ತು ತುಂಬುವ ಮೊದಲೇ, ಅಲ್ಲಿ ವಿದ್ಯಾರ್ಥಿಯಾಗಿ ಸೇರಿದ್ದ ಹುಡುಗ. ಪಿಯಾನೋವನ್ನು ರುಬಿನ್‌ಸ್ಟೈನರಲ್ಲಿ, ಸಂಗೀತ ರಚನೆಯನ್ನು ಚೈಕೋವ್‌ಸ್ಕಿಯವರಲ್ಲಿ ಕಲಿತವರು. 1875ರಲ್ಲಿ, ಬೈಗುಳ ತಿಂದಿದ್ದ ಆ ಕನ್ಸರ್ಟೊವನ್ನು ರುಬಿನ್‌ಸ್ಟೈನರ ನಿರ್ದೇಶನದಲ್ಲಿ ಮಾಸ್ಕೋದಲ್ಲಿ ನುಡಿಸಿದವರೂ ಇದೇ ತನೇಯೆವ್. ಇಬ್ಬರು ಹಿರಿಯರ ನಡುವಣ ಜಗಳಕ್ಕೂ ರಾಜಿಗೂ ಸಾಕ್ಷಿಯಾಗಿದ್ದ ಶಿಷ್ಯ, ಒಬ್ಬ ಗುರುವಿನ ನೆನಪಿಗೆ ಇನ್ನೊಬ್ಬ ಗುರು ಬರೆದುದನ್ನು ನುಡಿಸಿದರು. ಬರೆದವರು ಮಾತ್ರ ಅಂದು ಇಟಲಿಯಲ್ಲಿಯೇ ಇದ್ದರು.

ಹಸ್ತಪ್ರತಿಯ ಅರ್ಪಣೆಯಲ್ಲಿ ರುಬಿನ್‌ಸ್ಟೈನರ ಹೆಸರಿಲ್ಲ. ಒಬ್ಬ ಮಹಾನ್ ಕಲಾವಿದನ ನೆನಪಿಗೆ ಎಂಬರ್ಥದ ಫ್ರೆಂಚ್ ಮಾತಷ್ಟೇ ಇದೆ. ಹೆಸರಿಲ್ಲದ ಆ ಮಾತು ಮುಂದೆ ಬೇರೊಬ್ಬರಿಗೂ ಒದಗಿತು. 1893ರಲ್ಲಿ ಚೈಕೋವ್‌ಸ್ಕಿ ತೀರಿಕೊಂಡ ದಿನವೇ 20 ವರ್ಷದ ತರುಣನೊಬ್ಬ ಪಿಯಾನೋ ಟ್ರಯೊವೊಂದನ್ನು ಬರೆಯಲು ಕುಳಿತನು. ಅವನು ಅದೇ ಮಾಸ್ಕೋ ಕಾಲೇಜಿನಲ್ಲಿ ಓದಿ, ತನೇಯೆವರ ಬಳಿ ಪಾಠ ಕೇಳಿದ್ದ ಸೆರ್ಗೆಯ್ ರಖ್ಮಾನಿನೊವ್. ತನ್ನ ಕೃತಿಗೆ ಅವನು ಕೊಟ್ಟ ಅರ್ಪಣೆ ಅದೇ ಫ್ರೆಂಚ್ ಮಾತು.

ಶಾಲೆಯ ಗೋಡೆಯ ಮೇಲೆ ಸ್ಥಾಪಕರ ಭಾವಚಿತ್ರವಿರುವುದು, ವರ್ಷಕ್ಕೊಮ್ಮೆ ಅದಕ್ಕೆ ಹೂಮಾಲೆ ಬೀಳುವುದು ಒಳ್ಳೆಯ ರೂಢಿಯೇ. ಆದರೆ ಗುರುಗಳು ಕಲಿಸಿದ ವಿದ್ಯೆಯಿಂದಲೇ ಗುರುಗಳನ್ನು ನೆನೆಯಬಲ್ಲ ಒಬ್ಬ ಶಿಷ್ಯ, ಅವನ ಹಿಂದೆ ಇನ್ನೊಬ್ಬ, ಹೀಗೆ ಸಾಲು ಮುಂದುವರಿದರೆ, ಆ ಶಾಲೆಗೆ ಬೇರೆ ಸ್ಮಾರಕ ಬೇಕಾಗುವುದಿಲ್ಲ.